ಗುರುವಾರದ ಕ್ರೀಮು, ಭಾನುವಾರದ ಕೇಕು

ದಾವಣಗೆರೆಯಿಂದ ಓದುಗರೊಬ್ಬರು ಕೇಳಿದ್ದಾರೆ: ‘ಮೊಮ್ಮಗಳ ಮೊದಲ ಹುಟ್ಟುಹಬ್ಬ ಭಾನುವಾರ. ಕೇಕ್ ಮನೆಯಲ್ಲೇ ಆಗಬೇಕೆಂದು ಸೊಸೆಯ ಹಟ. ಶನಿವಾರ ಮನೆ ತುಂಬ ನೆಂಟರು, ಅಡುಗೆಮನೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಮೇಲೆ ಬಳಿಯುವ ಕ್ರೀಮನ್ನು ಗುರುವಾರವೇ ಮಾಡಿಟ್ಟುಕೊಳ್ಳಬಹುದೆ? ಒಂದು ವಿಡಿಯೊದಲ್ಲಿ ಮೂರು ದಿನ ಹೊರಗೇ ಇಡಬಹುದು ಎನ್ನುತ್ತಾರೆ, ಇನ್ನೊಂದರಲ್ಲಿ ಎರಡು ಗಂಟೆ ಮೀರಿದರೆ ಎಸೆಯಿರಿ ಎನ್ನುತ್ತಾರೆ.’

ಎರಡೂ ಸರಿಯೇ. ಒಬ್ಬರು ಹೇಳುತ್ತಿರುವುದು ಬೆಣ್ಣೆ, ಸಕ್ಕರೆ ಸೇರಿಸಿ ಕಲಸಿದ ಬಟರ್‌ಕ್ರೀಮ್ ವಿಷಯ. ಇನ್ನೊಬ್ಬರದು ಹಾಲಿನ ಕೆನೆಯನ್ನು ನೊರೆಯೆಬ್ಬಿಸಿದ ವಿಪ್ಡ್ ಕ್ರೀಮ್ ವಿಷಯ. ಕೇಕಿನ ಮೇಲೆ ಕೂತಾಗ ಎರಡೂ ಬೆಳ್ಳಗೆ, ನುಣ್ಣಗೆ ಕಾಣುತ್ತವೆ, ಫೋಟೊದಲ್ಲಂತೂ ಗುರುತೇ ಸಿಗುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತು.

ಆಹಾರ ಕೆಡಲು ನೀರು ಬೇಕೆಂಬುದು ಹಪ್ಪಳ ಒಣಗಿಸುವ ಎಲ್ಲರಿಗೂ ತಿಳಿದದ್ದೇ. ಆದರೆ ನೀರು ಎಷ್ಟಿದೆ ಎನ್ನುವುದಕ್ಕಿಂತ, ಅದರಲ್ಲಿ ಎಷ್ಟು ಬಿಡುವಾಗಿದೆ ಎನ್ನುವುದು ಮುಖ್ಯ. ಮದುವೆಯ ಛತ್ರವೊಂದನ್ನು ನೆನಪಿಸಿಕೊಳ್ಳಿ. ಇನ್ನೂರು ನೆಂಟರು ಸೇರಿದ್ದಾರೆ. ಪಂಕ್ತಿ ಕೂತಾಗಿದೆ, ಬಡಿಸಲು ಜನ ಬೇಕು. ಹುಡುಕಿಕೊಂಡು ಹೋದರೆ ಒಬ್ಬಳ ಸೊಂಟದ ಮೇಲೆ ಮಗು. ಇನ್ನೊಬ್ಬನನ್ನು ಸೋದರತ್ತೆ ಕೈ ಹಿಡಿದು ಕೂರಿಸಿಕೊಂಡು ಸಂಬಳ ವಿಚಾರಿಸುತ್ತಿದ್ದಾರೆ. ಭಾವ ಪುರೋಹಿತರ ಸಾಮಾನಿನ ಪಟ್ಟಿ ಹಿಡಿದು ಓಡುತ್ತಿದ್ದಾನೆ. ತಲೆ ಎಣಿಸಿದರೆ ಇನ್ನೂರು, ಕೈಗೆ ಸಿಗುವವರು ನಾಲ್ಕೈದು. ಸಕ್ಕರೆ ನೀರಿಗೆ ಮಾಡುವುದು ಇದನ್ನೇ. ಸಕ್ಕರೆಯ ಒಂದು ಅಣುವಿನಲ್ಲಿ ಎಂಟು ಹೈಡ್ರಾಕ್ಸಿಲ್ ಗುಂಪುಗಳಿವೆ. ಎಂಟು ಕೈಯಿರುವ ಆ ಸೋದರತ್ತೆ ಸುತ್ತಲಿನ ನೀರಿನ ಅಣುಗಳನ್ನು ಹಿಡಿದು ಮಾತಿಗೆಳೆಯುತ್ತಾಳೆ. ಬ್ಯಾಕ್ಟೀರಿಯಾ ಬಂದು ಕರೆದರೆ ಎಲ್ಲರೂ ‘ಇಗೋ ಬಂದೆ’ ಅನ್ನುತ್ತಾರೆ, ಯಾರೂ ಏಳುವುದಿಲ್ಲ. ಸಾಲದ್ದಕ್ಕೆ, ಕರೆಯಲು ಬಂದವನ ಹಿಂದೆ ಇದ್ದ ಹುಡುಗರನ್ನೂ ಅತ್ತೆ ಬಿಡುವುದಿಲ್ಲ: ಪಾಕ ಗಟ್ಟಿಯಾಗಿದ್ದರೆ ಬ್ಯಾಕ್ಟೀರಿಯಾದ ಒಡಲೊಳಗಿನ ನೀರೇ ಹೊರಗೆ ಬಂದುಬಿಡುತ್ತದೆ.

ಈ ಬಿಡುವಿನ ಅಳತೆಗೆ ವಾಟರ್ ಆ್ಯಕ್ಟಿವಿಟಿ ಎಂದು ಹೆಸರು. ಶುದ್ಧ ನೀರಿಗೆ 1. ಹಾಲು, ಕೆನೆ, ಹಸಿ ಮಾಂಸ 0.98ರ ಮೇಲೆ. ಇನ್ನು ಕರಗಲಾರದು ಎನ್ನುವಷ್ಟು ಸಕ್ಕರೆ ಹಾಕಿದ ಪಾಕ ಸುಮಾರು 0.85. ಜೇನುತುಪ್ಪ 0.6ರ ಆಸುಪಾಸು. ಹೆಚ್ಚಿನ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು. ಕಾಯಿಲೆ ತರುವಂಥವುಗಳಲ್ಲಿ ಒಂದು ಮಾತ್ರ ಬೆಳೆಯುತ್ತದೆ, ಅದರ ಹೆಸರು ಸ್ಟೆಫೈಲೊಕಾಕಸ್ ಆರಿಯಸ್. ಅದು ನಮ್ಮ ಮೂಗಿನಲ್ಲೇ ಇರುತ್ತದೆ, ಸರಿಸುಮಾರು ಮೂವರಲ್ಲಿ ಒಬ್ಬರಿಗೆ. ಅಲ್ಲಿಂದ ಬೆರಳಿಗೆ, ಬೆರಳಿನಿಂದ ಪೈಪಿಂಗ್ ಬ್ಯಾಗಿಗೆ ದಾರಿ ದೂರವಿಲ್ಲ.

ಕೇಕಿನ ಕ್ರೀಮಿಗೂ ಈ ಜೀವಿಗೂ ಹಳೆಯ ನಂಟು. 1914ರಲ್ಲಿ ಫಿಲಿಪೀನ್ಸಿನಲ್ಲಿದ್ದ ಬಾರ್ಬರ್ ಎಂಬ ಸಂಶೋಧಕರಿಗೆ ಒಂದು ತೋಟದ ಹಾಲು ಕುಡಿದಾಗಲೆಲ್ಲ ವಾಂತಿ, ಭೇದಿ. ಹಸು ಆರೋಗ್ಯವಾಗಿಯೇ ಇತ್ತು. ಆಗ ತಾನೇ ಕರೆದ ಹಾಲಿನಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಬಾರ್ಬರ್ ಕೆನೆಯನ್ನು ಕೆಲವು ಗಂಟೆ ಸೆಕೆಯಲ್ಲಿ ಹಾಗೇ ಬಿಟ್ಟು, ಆಮೇಲೆ ತಾನೇ ಕುಡಿದು ನೋಡಿದರು. ಮತ್ತೆ ಕಾಯಿಲೆ. ಹಸುವಿನ ಕೆಚ್ಚಲಿನಲ್ಲಿದ್ದ ಸ್ಟೆಫೈಲೊಕಾಕಸ್ ಆ ಗಂಟೆಗಳಲ್ಲಿ ಬೆಳೆದು ಕೆನೆಯಲ್ಲಿ ವಿಷ ಬಿಡುತ್ತಿತ್ತು. ಈಗಿನ ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ ಅದು. ಆದರೂ ಅದರ ಫಲಿತಾಂಶ ಮೂಲೆ ಸೇರಿತು. 1930ರಲ್ಲಿ ಶಿಕಾಗೊದ ಗೇಲ್ ಡ್ಯಾಕ್ ಮತ್ತು ಸಂಗಡಿಗರು ಅದನ್ನೇ ಹೊಸದಾಗಿ ಕಂಡುಕೊಳ್ಳಬೇಕಾಯಿತು. ಅವರ ಕೈಗೆ ಸಿಕ್ಕ ಸಾಕ್ಷಿ ಕ್ರಿಸ್‌ಮಸ್ಸಿನ ಸ್ಪಂಜ್ ಕೇಕು. ಪದರಗಳ ನಡುವೆ ಕ್ರೀಮ್ ತುಂಬಿದ್ದ ಅದನ್ನು ತಿಂದು 11 ಮಂದಿ ಹಾಸಿಗೆ ಹಿಡಿದಿದ್ದರು. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಮೇಲೂ ಉಳಿದ ದ್ರವ ಜನರನ್ನು ಕಾಯಿಲೆಗೆ ಬೀಳಿಸಿತು. ತೊಂದರೆ ಕೊಡುವುದು ಜೀವಿಯಲ್ಲ, ಅದು ಬಿಟ್ಟುಹೋದ ವಿಷ ಎಂದು ಹಾಗೆ ಖಚಿತವಾಯಿತು. ಆ ವಿಷ ಕುದಿಸಿದರೂ ಸುಲಭಕ್ಕೆ ಹೋಗುವುದಿಲ್ಲ. ಹಾಳಾದ ಕ್ರೀಮನ್ನು ಬಿಸಿ ಮಾಡಿ ಉಳಿಸಿಕೊಳ್ಳುತ್ತೇನೆ ಎನ್ನುವವರು ಇದನ್ನು ನೆನಪಿಡಬೇಕು.

ಈ ಜೀವಿಯ ಬೆಳವಣಿಗೆ ಎಲ್ಲಿ ನಿಲ್ಲುತ್ತದೆ ಎಂಬ ಗೆರೆ ಎಳೆದು ಕೊಟ್ಟವರು ಆಸ್ಟ್ರೇಲಿಯಾದ ವಿಲಿಯಂ ಜೇಮ್ಸ್ ಸ್ಕಾಟ್. ದನದ ಮಾಂಸವನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕೆಡದಂತೆ ಸಾಗಿಸುವುದು ಹೇಗೆ ಎಂಬಲ್ಲಿಂದ 1930ರ ದಶಕದಲ್ಲಿ ಅವರ ಕೆಲಸ ಶುರುವಾಯಿತು. 1953ರಲ್ಲಿ ಅವರು ಇದೇ ಸ್ಟೆಫೈಲೊಕಾಕಸ್ಸನ್ನು ಹಿಡಿದುಕೊಂಡು, ಬೇರೆ ಬೇರೆ ಆಹಾರಗಳಲ್ಲಿ, ಬೇರೆ ಬೇರೆ ಹದದ ನೀರಿನಲ್ಲಿ ಬೆಳೆಸಿ ನೋಡಿದರು. ಆಹಾರ ಯಾವುದೇ ಇರಲಿ, ವಾಟರ್ ಆ್ಯಕ್ಟಿವಿಟಿ 0.86ರ ಹತ್ತಿರ ಬಂದಾಗ ಬೆಳವಣಿಗೆ ನಿಲ್ಲುತ್ತಿತ್ತು. ಆಹಾರದ ರುಚಿ, ಬಣ್ಣ, ಕುಲ ಯಾವುದಕ್ಕೂ ಸಂಬಂಧವಿಲ್ಲದ ಒಂದೇ ಒಂದು ಸಂಖ್ಯೆ! ಆಹಾರ ವಿಜ್ಞಾನದಲ್ಲಿ ಇಷ್ಟು ಅಚ್ಚುಕಟ್ಟಾದ ಫಲಿತಾಂಶ ಅಪರೂಪ.

ಈಗ ಗುರುವಾರದ ಬಟರ್‌ಕ್ರೀಮಿನ ಲೆಕ್ಕ ಹಾಕೋಣ. ಕಾಲು ಕಿಲೊ ಬೆಣ್ಣೆ, ಅರ್ಧ ಕಿಲೊ ಐಸಿಂಗ್ ಶುಗರ್, ಎರಡು ಚಮಚ ಹಾಲು. ಅಂಗಡಿಯ ಬೆಣ್ಣೆಯಲ್ಲಿ ಸುಮಾರು ಶೇ 16 ನೀರು, ಅಂದರೆ 40 ಗ್ರಾಂ. ಹಾಲಿನಿಂದ ಇನ್ನು 30 ಎಂದುಕೊಳ್ಳಿ. ಒಟ್ಟು 70 ಗ್ರಾಂ ನೀರು. ಅಷ್ಟು ನೀರು 140 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುವಷ್ಟರಲ್ಲಿ ಸುಸ್ತಾಗುತ್ತದೆ. ಉಳಿದ 360 ಗ್ರಾಂ ಸಣ್ಣ ಕಣಗಳಾಗಿ ಬೆಣ್ಣೆಯೊಳಗೆ ಹಾಗೇ ಕೂತಿರುತ್ತದೆ. ಇರುವ ನೀರೆಲ್ಲ ಪೂರ್ತಿ ಪಾಕ, 0.85. ಸ್ಕಾಟ್ ಎಳೆದ ಗೆರೆಗೂ ಇದಕ್ಕೂ ನಡುವೆ ಕೂದಲೆಳೆಯಷ್ಟೇ ಅಂತರ ಅನ್ನಿಸಬಹುದು. ಆದರೆ ಬೆಣ್ಣೆ ಉಪ್ಪಿನದಾಗಿದ್ದರೆ ಅಂಕಿ ಇನ್ನೂ ಇಳಿಯುತ್ತದೆ. ಮೇಲಾಗಿ ಬೆಣ್ಣೆಯಲ್ಲಿ ನೀರು ಕಣ್ಣಿಗೆ ಕಾಣದಷ್ಟು ಪುಟ್ಟ ಹನಿಗಳಾಗಿ ಜಿಡ್ಡಿನ ಮಧ್ಯೆ ಸೆರೆಯಾಗಿರುತ್ತದೆ. ಒಂದು ಹನಿಯಲ್ಲಿ ಸಿಕ್ಕಿಕೊಂಡ ಬ್ಯಾಕ್ಟೀರಿಯಾಗೆ ಪಕ್ಕದ ಹನಿಗೆ ಹೋಗಲು ದಾರಿಯಿಲ್ಲ. ಹೀಗಾಗಿ ಇದನ್ನು ಗುರುವಾರ ಮಾಡಿ, ಗಾಳಿಯಾಡದ ಡಬ್ಬದಲ್ಲಿ ಫ್ರಿಜ್ಜಿನಲ್ಲಿಟ್ಟರೆ ಭಾನುವಾರಕ್ಕೆ ನಿಶ್ಚಿಂತೆ. ಫ್ರಿಜ್ಜು ಬೇಕಾದದ್ದು ಬ್ಯಾಕ್ಟೀರಿಯಾಗಿಂತ ಹೆಚ್ಚಾಗಿ ದಾವಣಗೆರೆಯ ಬಿಸಿಲಿನ ಕಾರಣಕ್ಕೆ. ಮುಚ್ಚಳ ಗಟ್ಟಿಯಿರಲಿ: ಜಿಡ್ಡು ವಾಸನೆಯನ್ನು ಬೇಗ ಹೀರುತ್ತದೆ, ಹುಳಿಯ ಪಾತ್ರೆಯ ಪಕ್ಕ ಕೂತ ಬಟರ್‌ಕ್ರೀಮಿಗೆ ಇಂಗಿನ ಪರಿಮಳ ಬಂದರೆ ಯಾರನ್ನೂ ದೂರುವಂತಿಲ್ಲ.

ಈಚೆಗೆ ‘ಸಕ್ಕರೆ ಕಡಿಮೆ, ಹಣ್ಣು ಹೆಚ್ಚು’ ಎಂಬ ಆರೋಗ್ಯಕರ ಫ್ರಾಸ್ಟಿಂಗ್‌ಗಳ ಭರಾಟೆ ಜೋರಾಗಿದೆ. ತಿನ್ನುವುದಕ್ಕೆ ಚೆನ್ನಾಗಿಯೇ ಇರುತ್ತವೆ. ಆದರೆ ಅವನ್ನೂ ‘ಮೂರು ದಿನ ಹೊರಗಿಡಬಹುದು’ ಎಂದು ಹೇಳುವವರು ಸಕ್ಕರೆಯನ್ನು ಬರೀ ಸಿಹಿ ಎಂದುಕೊಂಡಿದ್ದಾರೆ. ಮೇಲಿನ ಅಳತೆಯಲ್ಲೇ ಸಕ್ಕರೆಯನ್ನು 150 ಗ್ರಾಂಗೆ ಇಳಿಸಿ 100 ಗ್ರಾಂ ಮಾವಿನ ಹಣ್ಣಿನ ತಿರುಳು ಸೇರಿಸಿ ನೋಡಿ. ನೀರು ಹತ್ತಿರ ಹತ್ತಿರ 150 ಗ್ರಾಂ ಆಗುತ್ತದೆ, ಪಾಕ ಅರ್ಧಕ್ಕರ್ಧ ತೆಳ್ಳಗಾಗುತ್ತದೆ, ವಾಟರ್ ಆ್ಯಕ್ಟಿವಿಟಿ 0.93ರ ಸುತ್ತಮುತ್ತ ಬಂದು ನಿಲ್ಲುತ್ತದೆ. ಸ್ಟೆಫೈಲೊಕಾಕಸ್‌ಗೆ ಇಷ್ಟು ಧಾರಾಳವಾಗಿ ಸಾಕು. ಕ್ರೀಮ್ ಚೀಸ್ ಹಾಕಿದ ಫ್ರಾಸ್ಟಿಂಗಿಗೂ ಇದೇ ಮಾತು; ಆ ಚೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ.

ಫ್ರಿಜ್ಜಿನಿಂದ ತೆಗೆದ ಬಟರ್‌ಕ್ರೀಮ್ ಕಲ್ಲಾಗಿರುತ್ತದೆ. ಬೆಣ್ಣೆಯ ಜಿಡ್ಡಿನಲ್ಲಿ ಒಂದಷ್ಟು ಭಾಗ ಸದಾ ಎಣ್ಣೆಯಾಗಿ, ಇನ್ನಷ್ಟು ಹರಳಾಗಿ ಇರುವುದರಿಂದಲೇ ಅದು ಬಳಿಯಲು ಬರುತ್ತದೆ. ತಣ್ಣಗಾದಾಗ ಎಣ್ಣೆಯಲ್ಲೂ ಒಂದಷ್ಟು ಹರಳುಗಟ್ಟುತ್ತದೆ. ಆ ಸ್ಥಿತಿಯಲ್ಲೇ ಬೀಟರ್ ಹಾಕಿದರೆ ಹರಳು ಮುರಿದು, ಪಾಕ ಬೇರೆಯಾಗಿ, ಹಾಲು ಒಡೆದಂತೆ ಕಾಣುತ್ತದೆ. ಹೆದರಿ ಎಸೆಯಬೇಡಿ. ಒಂದೆರಡು ಗಂಟೆ ಹೊರಗಿಟ್ಟು, ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾದ ಮೇಲೆ ಕಡೆದರೆ ಮತ್ತೆ ಕೂಡಿಕೊಳ್ಳುತ್ತದೆ.

ವಿಪ್ಡ್ ಕ್ರೀಮಿನ ಕಥೆ ಬೇರೆ. ಅದರಲ್ಲಿ ಸಕ್ಕರೆ ಕಡಿಮೆ, ನೀರು ಹೆಚ್ಚು, ಜೊತೆಗೆ ಗಾಳಿ. ತಣ್ಣಗಿನ ಕೆನೆಯನ್ನು ಕಡೆಯುವಾಗ ಜಿಡ್ಡಿನ ಗೋಲಿಗಳು ಅರೆಬರೆ ಅಂಟಿಕೊಂಡು ಗಾಳಿಗುಳ್ಳೆಗಳ ಸುತ್ತ ಬಲೆ ಹೆಣೆಯುತ್ತವೆ. ಬಲೆ ಹೆಣೆಯಲು ಕನಿಷ್ಠ ಶೇ 30ರಷ್ಟು ಜಿಡ್ಡು ಬೇಕು. ಟೆಟ್ರಾ ಪ್ಯಾಕಿನಲ್ಲಿ ಸಿಗುವ, ಪನೀರ್ ಮಸಾಲೆಗೆ ಸುರಿಯುವ ಕ್ರೀಮಿನಲ್ಲಿ ಶೇ 25 ಮಾತ್ರ. ಎಷ್ಟು ಕಡೆದರೂ ಏಳದೆ ಇರುವುದು ಅದಕ್ಕೇ. ಎದ್ದದ್ದೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೆಲವೇ ಗಂಟೆಗಳಲ್ಲಿ ತಳದಲ್ಲಿ ನೀರು ಇಳಿಯುತ್ತದೆ.

ಹಾಗಾದರೆ ಬೇಕರಿಯ ಗಾಜಿನ ಕಪಾಟಿನಲ್ಲಿ ‘ಫ್ರೆಶ್ ಕ್ರೀಮ್’ ಕೇಕು ಬೆಳಗ್ಗೆಯಿಂದ ರಾತ್ರಿಯವರೆಗೆ ನೆಟ್ಟಗೆ ನಿಂತಿರುವುದು ಹೇಗೆ? ಬಹುಪಾಲು ಬೇಕರಿಗಳಲ್ಲಿ ಅದು ಹಸುವಿನಿಂದ ಬಂದದ್ದೇ ಅಲ್ಲ. ಇದಕ್ಕೆ ನಾವು ನೆನೆಯಬೇಕಾದವರು ಅಮೆರಿಕದ ಬಫಲೊ ನಗರದ ಹಾಲಿನ ವ್ಯಾಪಾರಿ ರಾಬರ್ಟ್ ರಿಚ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ದಪ್ಪ ಕೆನೆಯ ಮಾರಾಟಕ್ಕೆ ನಿರ್ಬಂಧವಿತ್ತು. ರಿಚ್ ಸೋಯಾ ಅವರೆಯಿಂದ ಬದಲಿ ಕ್ರೀಮ್ ಮಾಡಿಸಿದರು. 1945ರಲ್ಲಿ ವ್ಯಾಪಾರಿಗಳಿಗೆ ತೋರಿಸಲೆಂದು ಡ್ರೈ ಐಸ್ ಇಟ್ಟು ಕಟ್ಟಿಕೊಂಡು ರೈಲಿನಲ್ಲಿ ಲಾಂಗ್ ಐಲ್ಯಾಂಡಿಗೆ ಹೊರಟರು. ಪೊಟ್ಟಣ ಬಿಚ್ಚಿದರೆ ಎಲ್ಲ ಹೆಪ್ಪುಗಟ್ಟಿ ಇಟ್ಟಿಗೆಯಾಗಿದೆ! ಹಾಲಿನ ಕೆನೆಯಾಗಿದ್ದರೆ ಕಥೆ ಮುಗಿಯುತ್ತಿತ್ತು. ಮಂಜಿನ ಹರಳುಗಳು ಜಿಡ್ಡಿನ ಗೋಲಿಗಳ ಪೊರೆ ಹರಿದು ಹಾಕುತ್ತವೆ, ಕರಗಿದ ಮೇಲೆ ಅದು ಸರಿಯಾಗಿ ಏಳುವುದಿಲ್ಲ. ರಿಚ್ ಬೇರೆ ದಾರಿ ಕಾಣದೆ ಚಾಕುವಿನಿಂದ ಕೊಚ್ಚಿ ಕಡೆಯತೊಡಗಿದರು. ಅದು ಸೊಗಸಾಗಿ ಎದ್ದಿತು. ತಿಂಗಳುಗಟ್ಟಲೆ ಮೊದಲೇ ತಯಾರಿಸಿ, ಗಟ್ಟಿ ಮಾಡಿ, ದೇಶದೇಶಕ್ಕೆ ಕಳಿಸಬಲ್ಲ ಕ್ರೀಮಿನ ಉದ್ಯಮ ಹುಟ್ಟಿದ್ದು ಅಲ್ಲಿ.

ಇಂದು ನಮ್ಮ ಬೇಕರಿಗಳ ಫ್ರೀಜರಿನಲ್ಲಿರುವ ಕಾರ್ಟನ್‌ಗಳು ಇದೇ ವಂಶದವು. ಸೋಯಾ ಬದಲು ಹೆಚ್ಚಾಗಿ ಪಾಮ್ ಹಣ್ಣಿನ ಬೀಜದ ಎಣ್ಣೆಯನ್ನು ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿ ಬಳಸುತ್ತಾರೆ, ಜೊತೆಗೆ ಎಮಲ್ಸಿಫೈಯರ್, ಅಂಟು. ಮೂರು ನಾಲ್ಕು ಪಟ್ಟು ಉಬ್ಬುತ್ತದೆ, ಮಾಡಿಟ್ಟರೆ ಫ್ರಿಜ್ಜಿನಲ್ಲಿ ಎರಡು ದಿನವೂ ಆಕಾರ ಬಿಡುವುದಿಲ್ಲ. ಸಾಧನೆಯೇ ಸರಿ. ಆದರೆ ಆಕಾರ ಬಿಡದಿರುವುದು ಬೇರೆ, ಕೆಡದಿರುವುದು ಬೇರೆ. ಕ್ರೀಮ್ ನೆಟ್ಟಗೆ ನಿಂತಿದೆ ಎಂದು ಹೊರಗೆ ಬಿಟ್ಟರೆ ಅದರೊಳಗಿನ ನೀರು ಬ್ಯಾಕ್ಟೀರಿಯಾಗೆ ಕೈಗೆ ಸಿಗುವಂತೆಯೇ ಇರುತ್ತದೆ. ರುಚಿಯ ಮಾತು ಕೇಳಿದರೆ, ನನ್ನ ಮತ ಬೆಣ್ಣೆಗೆ.

ಎಲ್ಲಕ್ಕಿಂತ ಮೊದಲೇ ಮಾಡಿಡಬಹುದಾದದ್ದು ಬರೀ ಸಕ್ಕರೆಯ ಅಲಂಕಾರ. ಡಿಸೆಂಬರಿನಲ್ಲಿ ಬೆಂಗಳೂರಿನ ಕೇಕ್ ಪ್ರದರ್ಶನದಲ್ಲಿ ಆಳೆತ್ತರದ ಅರಮನೆ, ಗೋಪುರಗಳನ್ನು ನೋಡಿರುತ್ತೀರಿ. ಅವುಗಳ ಕೆಲಸ ತಿಂಗಳುಗಳ ಮುಂಚೆಯೇ ಶುರುವಾಗುತ್ತದೆ. ಇಂಗ್ಲೆಂಡಿನ ಚಾರ್ಲ್ಸ್–ಡಯಾನಾ ಮದುವೆಯ 1981ರ ಕೇಕಿನ ಐಸಿಂಗ್ ತುಂಡೊಂದು 2021ರಲ್ಲಿ 1,850 ಪೌಂಡಿಗೆ ಹರಾಜಾಯಿತು. ಸಕ್ಕರೆಗೆ ಬ್ಯಾಕ್ಟೀರಿಯಾದ ಭಯವಿಲ್ಲ, ಇರುವುದು ಗಾಳಿಯ ತೇವದ ಭಯ. ಇಲ್ಲಿ ಅದೇ 0.85 ಇನ್ನೊಂದು ಬದಿಯಿಂದ ಬರುತ್ತದೆ: ಗಾಳಿಯ ಆರ್ದ್ರತೆ ಶೇ 85 ದಾಟಿದರೆ ಸಕ್ಕರೆ ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಸಂಕ್ರಾಂತಿಗೆ ವಾರ ಮೊದಲೇ ಎರೆದ ಸಕ್ಕರೆ ಅಚ್ಚು ಮೈಸೂರಿನ ಜನವರಿಯ ಒಣಹವೆಯಲ್ಲಿ ಗರಿಗರಿಯಾಗಿಯೇ ಇರುತ್ತದೆ. ಅದನ್ನೇ ಜುಲೈಯಲ್ಲಿ ಮಂಗಳೂರಿನಲ್ಲಿ ತಟ್ಟೆಯ ಮೇಲೆ ತೆರೆದಿಟ್ಟರೆ ಅಂಟಂಟು. ಫ್ರಿಜ್ಜಿನಿಂದ ತೆಗೆದ ಕೇಕಿನ ಮೈಮೇಲೂ ತೇವ ಹನಿಗಟ್ಟುತ್ತದೆ, ಊರು ಯಾವುದಾದರೂ ಸರಿ. ಆದ್ದರಿಂದ ಸಕ್ಕರೆಯ ಹೂಗಳನ್ನು ಫ್ರಿಜ್ಜಿಗೆ ಸೇರಿಸದೆ ಬಿಗಿ ಮುಚ್ಚಳದ ಡಬ್ಬದಲ್ಲಿ ಹೊರಗೇ ಇಡಿ, ಕೇಕ್ ಕತ್ತರಿಸುವ ಸ್ವಲ್ಪ ಮೊದಲು ಸಿಕ್ಕಿಸಿ. ಮೊದಲೇ ಸಿಕ್ಕಿಸಿದರೆ ಕೆಂಪು ಗುಲಾಬಿಯ ಬಣ್ಣ ಬಿಳಿ ಕ್ರೀಮಿನ ಮೇಲೆ ಇಳಿಯುತ್ತದೆ.