ಮಗಳ ಸೈಕಲ್: ಕೊಳ್ಳುವುದೇ, ಜೋಡಿಸುವುದೇ?

ಮೋಮಿನಪುರದಿಂದ ಕಮಲಾಪುರಕ್ಕೆ ಸೈಕಲ್ಲಿನಲ್ಲೇ ಹೋಗಿಬರುತ್ತೇನೆಂದು ಮಗಳು ಹಟ ಹಿಡಿದರೆ, ಸಿದ್ಧ ಸೈಕಲ್ ಕೊಳ್ಳುವುದೇ, ಬಿಡಿಭಾಗ ತಂದು ಜೋಡಿಸುವುದೇ? ಒಂದು ಕಡೆಗೇ ಮೂವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿಯದು.

ಎಲ್ಲ ಭಾಗಗಳನ್ನೂ ಹೊಸದಾಗಿ ಕೊಂಡರೆ ಸಾಮಾನ್ಯವಾಗಿ ಇಡೀ ಸೈಕಲ್ಲಿಗಿಂತ ದುಬಾರಿ. ಕಾರ್ಖಾನೆಯ ಸಗಟು ದರ ನಮಗೆ ಸಿಗದು. ಆದರೆ 2006-07ರಲ್ಲಿ ಶುರುವಾದ ಸರಕಾರಿ ಯೋಜನೆಯಲ್ಲಿ ಎಂಟನೆಯ ತರಗತಿಗೆ ಸಿಕ್ಕ ಸೈಕಲ್ ಮನೆಯ ಮೂಲೆಯಲ್ಲಿದ್ದರೆ ಲೆಕ್ಕವೇ ಬೇರೆ. ಫ್ರೇಮ್ ತುಕ್ಕು ಹಿಡಿಯದೆ ಅವಳ ಎತ್ತರಕ್ಕೆ ಹೊಂದಿದರೆ ಗಾಲಿ, ಬ್ರೇಕು, ಕ್ಯಾರಿಯರ್ ಹೊಸದಾಗಿ ಹಾಕಿಸಿದರೆ ಸಾಕು.

ಸೀಟು, ಟೈರು ಮುಂದೆ ಬದಲಿಸಬಹುದು. ಅಳತೆ ತಪ್ಪಿದ ಫ್ರೇಮಿನಿಂದ ಮೊಣಕಾಲಿಗೂ ಸೊಂಟಕ್ಕೂ ನೋವು. ಹಿಂದಿನ ಗಾಲಿಯೂ ಗಟ್ಟಿಯಿರಲಿ. ಹಳೆಯ ಕಪ್ಪು ಸೈಕಲ್ಲುಗಳ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಬೀಳುವುದು ಹಿಂದೆಯೇ.

ಸಹೋದರಿಯರೇ, ಕೊಳ್ಳಿರಿ ಇಲ್ಲವೆ ಜೋಡಿಸಿರಿ. ಮಗಳನ್ನೇ ಕೂರಿಸಿ ಅಳತೆ ನೋಡಿರಿ, ಪಂಕ್ಚರ್ ಹಾಕುವುದನ್ನೂ ಕಲಿಸಿರಿ.