ದ್ವೀಪದಲ್ಲಿ ಇಳಿಯಲಾಗದಿದ್ದರೆ ಎಲ್ಲಿಗೆ?

ಪ್ರಶ್ನೆ: ಅಂಡಮಾನಿಗೆ ಯೋಧರನ್ನು ಒಯ್ಯುವ ವಿಮಾನಕ್ಕೆ ಅಲ್ಲಿ ಇಳಿಯಲು ಆಗದಿದ್ದರೆ ಏನು ಗತಿ?
– ಓದುಗರೊಬ್ಬರು, ರಾಯಾಪುರ

ಉತ್ತರ: ಹುಬ್ಬಳ್ಳಿಯಲ್ಲಿ ಮಂಜು ಕವಿದರೆ ಪೈಲಟ್‌ಗೆ ಬೆಳಗಾವಿ ಇದೆ, ಗೋವಾ ಇದೆ. ಚೆನ್ನೈಯಿಂದ ಪೋರ್ಟ್ ಬ್ಲೇರ್‌ವರೆಗಿನ ಸುಮಾರು 1,370 ಕಿ.ಮೀ. ದಾರಿಯಲ್ಲಿ ಇರುವುದು ಬಂಗಾಳ ಕೊಲ್ಲಿ ಮಾತ್ರ. ಹಾಗಾಗಿ ಉತ್ತರ ಇಂಧನದ ಟ್ಯಾಂಕಿನಲ್ಲಿದೆ. ಬದಲಿ ನಿಲ್ದಾಣವಿಲ್ಲದ ದ್ವೀಪಕ್ಕೆ ಹೋಗುವ ಜೆಟ್ ವಿಮಾನ, ಅಲ್ಲಿ ತಲುಪಿದ ಮೇಲೂ ಸುಮಾರು 2 ಗಂಟೆ ಹಾರುವಷ್ಟು ಇಂಧನ ಹೊತ್ತಿರಬೇಕೆಂಬುದು ನಾಗರಿಕ ವಿಮಾನಯಾನದ ಅಂತರರಾಷ್ಟ್ರೀಯ ನಿಯಮ. ನಡುದಾರಿಯ ಒಂದು ಗೊತ್ತಾದ ಬಿಂದುವಿನಲ್ಲಿ ಪೈಲಟ್ ದ್ವೀಪದ ಹವಾಮಾನ ವಿಚಾರಿಸುತ್ತಾನೆ. ಕೆಟ್ಟಿದ್ದರೆ ಅಲ್ಲಿಂದಲೇ ಹಿಂದಿರುಗುತ್ತಾನೆ. ಹೆಚ್ಚುವರಿ ಇಂಧನದ ಭಾರಕ್ಕೆ ತಕ್ಕಂತೆ ಕೆಲವೊಮ್ಮೆ ಜನರನ್ನೋ ಸಾಮಾನನ್ನೋ ಕಡಿಮೆ ಮಾಡಬೇಕಾಗುತ್ತದೆ. ಸರಿಯಾದ ಲೆಕ್ಕವೇ ಅದು.

ಬೇರೆ ದ್ವೀಪದಲ್ಲಿ ಇಳಿಯೋಣವೆಂದರೆ ರನ್‌ವೇ ಉದ್ದವೂ ಮುಖ್ಯ. ಗ್ರೇಟ್ ನಿಕೋಬಾರಿನಲ್ಲಿ 2012ರಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ಬಾಜ್ ನೆಲೆಯ ರನ್‌ವೇ ಆಗ ಸುಮಾರು 1 ಕಿ.ಮೀ. ಮಾತ್ರ, ಡಾರ್ನಿಯರ್‌ನಂಥ ಸಣ್ಣ ವಿಮಾನಗಳಿಗೆ ಅದು ಸಾಕಾಗುತ್ತಿತ್ತು.

ಅಂಡಮಾನಿನ ಈ ದಾರಿ ಎಷ್ಟು ಕಠಿಣವೆಂದು ಮರೆಯಬಾರದು. 2016ರ ಜುಲೈ 22ರಂದು ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಜನರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಸುಮಾರು 3,400 ಮೀಟರ್ ಆಳದಲ್ಲಿ ಪತ್ತೆಯಾದ ಸುದ್ದಿ ಕುಟುಂಬಗಳಿಗೆ ತಲುಪಿದ್ದು 2024ರ ಜನವರಿಯಲ್ಲಿ.