ಗಡಿಯಾರ ತಪ್ಪಿದರೆ ಸೆಲ್ಲಿನದೇ ತಪ್ಪೇ?

ಕಂಪ್ಯೂಟರ್ ಪರದೆಯ ಮೂಲೆಯ ಸಮಯ ಮದರ್‌ಬೋರ್ಡಿನ ಗುಂಡು ಸೆಲ್ಲಿನಿಂದಲೇ ಓಡುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ಅರ್ಧ ಸತ್ಯ.

ಆ ಸೆಲ್ಲು ಕಾಯುವುದು ಆರ್‌ಟಿಸಿ ಎಂಬ ಪುಟ್ಟ ಗಡಿಯಾರವನ್ನು, ಅದೂ ಯಂತ್ರಕ್ಕೆ ಕರೆಂಟ್ ಇಲ್ಲದಾಗ. ಲಿನಕ್ಸ್ ಸಾಮಾನ್ಯವಾಗಿ ಬೂಟ್ ಆಗುವಾಗ, ನಿದ್ದೆಯಿಂದ ಎದ್ದಾಗ ಅದನ್ನು ವಿಚಾರಿಸುತ್ತದೆ. ಉಳಿದಂತೆ ಪ್ರೊಸೆಸರಿನ ಎಣಿಕೆ ಹಿಡಿದು ತಾನೇ ಲೆಕ್ಕ ಹಾಕುತ್ತದೆ. ಇಂಟರ್‌ನೆಟ್‌ನಿಂದ ಸರಿಯಾದ ಸಮಯ ಸಿಕ್ಕರಂತೂ ಸುಮಾರು 11 ನಿಮಿಷಕ್ಕೊಮ್ಮೆ ಆರ್‌ಟಿಸಿಯನ್ನೇ ತಿದ್ದಬಲ್ಲದು. ಇಲ್ಲಿ ಶಿಷ್ಯನೇ ಗುರುವಿಗೆ ಪಾಠ ಹೇಳುತ್ತಾನೆ!

ಬೇಕೆಂದಾಗಲೆಲ್ಲ ಆರ್‌ಟಿಸಿಯನ್ನೇ ಓದಬಾರದೇ? 1984ರ ಐಬಿಎಂ ಪಿಸಿ/ಎಟಿಯಲ್ಲಿದ್ದ ಮೊಟೊರೋಲಾ ಚಿಪ್‌ನ ಕಾಲದಿಂದಲೂ ಪಿಸಿಯಲ್ಲಿ ಇದಕ್ಕೆ ಎರಡು ಹೆಜ್ಜೆ. ಹೆಕ್ಸಾಡೆಸಿಮಲ್ 70ನೇ ಪೋರ್ಟಿಗೆ ಚಿಪ್‌ನ ಎಷ್ಟನೇ ಮನೆ ಬೇಕೆಂದು ಬರೆಯಬೇಕು, 71ರಿಂದ ಉತ್ತರ ಓದಬೇಕು. ಒಂದು ಪ್ರೋಗ್ರಾಂ ಗಂಟೆಗಾಗಿ 4 ಎಂದು ಬರೆದು ಓದುವಷ್ಟರಲ್ಲಿ ಇನ್ನೊಂದು ಸೆಕೆಂಡಿಗಾಗಿ 0 ಬರೆದರೆ, ಮೊದಲನೆಯದಕ್ಕೆ ಸೆಕೆಂಡೇ ಗಂಟೆಯಾಗಿ ಸಿಗುತ್ತದೆ. ಗಡಿಯಾರ ಮುಂದೆ ಸರಿಯುವ ಕ್ಷಣದಲ್ಲಿ ಓದಿದರೂ ಅಂಕಿಗಳು ಕಲಸುಮೇಲೋಗರ. ಆದ್ದರಿಂದ ಲಿನಕ್ಸಿನ ತಿರುಳಾದ ಕರ್ನಲ್ ಬೀಗ ಹಾಕಿಕೊಂಡು ತಾನೇ ಓದುತ್ತದೆ. ಡಾಸ್ ಕಾಲದಲ್ಲಿದ್ದ ನೇರ ಪ್ರವೇಶ ಈಗ ಸಾಮಾನ್ಯ ಪ್ರೋಗ್ರಾಂಗಳಿಗಿಲ್ಲ.

ಸೆಲ್ಲು ತೆಗೆದರೆ ಬಯೋಸ್ ಪಾಸ್‌ವರ್ಡ್ ಅಳಿಸಿಹೋಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಆ ಹಳೆಯ ಚಿಪ್‌ನಲ್ಲಿ ಇದ್ದದ್ದು 64 ಬೈಟ್. ಗಡಿಯಾರದ 14 ಕಳೆದರೆ ಉಳಿದ 50ರಲ್ಲಿ ಸೆಟ್ಟಿಂಗ್‌ಗಳು. ಅದು ಸೆಲ್ಲಿನ ಆಸರೆಯಲ್ಲಿ ಉಳಿಯುತ್ತಿದ್ದ ರ‍್ಯಾಮ್, ಸೆಲ್ಲು ಕಿತ್ತರೆ ಎಲ್ಲ ಮರೆವು. ಬಯೋಸ್‌ನ ಜಾಗಕ್ಕೆ ಬಂದಿರುವ ಇಂದಿನ ಯುಇಎಫ್‌ಐ ಯಂತ್ರಗಳು ಬಹುತೇಕ ಸೆಟ್ಟಿಂಗ್‌ಗಳನ್ನು ಫ್ಲಾಶ್ ಚಿಪ್‌ನಲ್ಲಿ ಬರೆದಿಡುತ್ತವೆ. ಅಲ್ಲಿ ಸೆಲ್ಲು ತೆಗೆದರೆ ಸಮಯ ಹೋದರೂ ಪಾಸ್‌ವರ್ಡ್ ಉಳಿಯಬಹುದು.

ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ಸೆಲ್ಲು ಬದಲಿಸುವ ಮುನ್ನ ಒಂದು ಲೆಕ್ಕ ನೋಡಲಿ. ಲಿನಕ್ಸ್ ಸಾಮಾನ್ಯವಾಗಿ ಆರ್‌ಟಿಸಿಯಲ್ಲಿ ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿಯನ್ನು ಇಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಭಾರತದಲ್ಲಿ ವಿಂಡೋಸ್ ಸರಿಯಾಗಿ ಐದೂವರೆ ಗಂಟೆ ಹಿಂದೆ ಬಿದ್ದರೆ ಈ ಜಗಳವೇ ಕಾರಣ. ಸೆಟ್ಟಿಂಗ್ ಬದಲಿಸಿ ಎರಡನ್ನೂ ಒಂದೇ ಪದ್ಧತಿಗೆ ತಂದರಾಯಿತು. ಆಫ್ ಮಾಡಿ ಇಟ್ಟಾಗಲೆಲ್ಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಜಿಗಿದು, ಬ್ರೌಸರ್ ವೆಬ್‌ಸೈಟುಗಳ ಪ್ರಮಾಣಪತ್ರ ಸರಿಯಿಲ್ಲವೆಂದು ತಕರಾರು ತೆಗೆದರೆ ಮಾತ್ರ ಅನುಮಾನ ಸೆಲ್ಲಿನ ಮೇಲೆ.